ಸಾಹಿತ್ಯ ನನ್ನದು, ಟ್ಯೂನ್ ನನ್ನದು, ಹಾಡು ಯಾರದು?

ಪ್ರಶ್ನೆ: ನನಗೆ 27 ವರ್ಷ, ಚಿಂತಾಮಣಿ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ಬಿಡುವಿನಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ನುಡಿಸುತ್ತೇನೆ. ಹಾಡು ಬರೆದು ನಾನೇ ಟ್ಯೂನ್ ಹಾಕುತ್ತೇನೆ. ಎರಡು ಭಕ್ತಿಗೀತೆ ಬಿಡುಗಡೆಯಾಗಿವೆ. ಈಗ ಹೊಸ ನಿರ್ಮಾಪಕರೊಬ್ಬರು ನಾಲ್ಕು ಹಾಡು ಮತ್ತು ಹಿನ್ನೆಲೆ ಸಂಗೀತ ಸೇರಿಸಿ 3.5 ಲಕ್ಷಕ್ಕೆ ‘ಪ್ಯಾಕೇಜ್’ ಎಂದಿದ್ದಾರೆ. ಸ್ಟುಡಿಯೊ, ಗಾಯಕರು, ವಾದ್ಯದವರು ಎಲ್ಲ ನನ್ನ ಖರ್ಚು. ವಿಚಾರಿಸಿದ್ದೇನೆ: ಸ್ಟುಡಿಯೊ ಗಂಟೆಗೆ 1,000, ಗಾಯಕರಿಗೆ ಸರಾಸರಿ 15,000, ವಾದ್ಯದವರಿಗೆ ಒಂದು ಕಾಲ್‌ಶೀಟ್‌ಗೆ (ಒಂದು ಸರದಿಯ ಕೆಲಸಕ್ಕೆ) 5,000, ಮಿಕ್ಸಿಂಗ್ ಹಾಡಿಗೆ 10,000. ‘ಎಲ್ಲ ಹಕ್ಕೂ ಶಾಶ್ವತವಾಗಿ ನಿರ್ಮಾಪಕರದು, ರಾಯಲ್ಟಿ ಕೇಳುವಂತಿಲ್ಲ’ ಎಂದು ಕರಾರಿನಲ್ಲಿದೆ. ಒಂದು ಪಲ್ಲವಿಗೆ ಕೈವಾರ ತಾತಯ್ಯನವರ ತತ್ವಪದದ ಸಾಲು, ಇನ್ನೊಂದಕ್ಕೆ ಮಂಕುತಿಮ್ಮನ ಕಗ್ಗದ ಸಾಲು ಬಳಸಬೇಕೆಂದು ನಿರ್ದೇಶಕರ ಆಸೆ. ನಮ್ಮ ಮನೆಮಾತು ತೆಲುಗು. ಕನ್ನಡ ಸಾಹಿತ್ಯ ಬರೆಯಲು ಅದು ಅಡ್ಡಿಯೇ? ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲೇಬೇಕೇ? ಅಪ್ಪ ಬೇಡ ಅನ್ನುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ, ಆದರೆ ಭಯ ಒಂದೇ. ಸಹಿ ಹಾಕದಿದ್ದರೆ ಅವಕಾಶ ಹೋಗುತ್ತದೆ, ಹಾಕಿದರೆ ಹಾಡೇ ಹೋಗುತ್ತದೆ. ಈ ಎರಡರ ನಡುವೆ ಸಾಕಷ್ಟು ಜಾಗವಿದೆ. ಅದು ಕಾಣಬೇಕಾದರೆ ಮೊದಲು ಒಂದು ಹಾಡಿನೊಳಗೆ ಎಷ್ಟು ಆಸ್ತಿಗಳಿವೆ ಎಂದು ಬಿಡಿಸಿ ನೋಡಬೇಕು.

ಕಾನೂನಿನ ಕಣ್ಣಿಗೆ ನಿಮ್ಮ ಹಾಡು ಒಂದು ವಸ್ತುವಲ್ಲ, ಮೂರು. ಬರೆದ ಮಾತು ಒಂದು: ಅದು ಸಾಹಿತ್ಯ ಕೃತಿ. ಮಟ್ಟು ಇನ್ನೊಂದು: ಅದು ಸಂಗೀತ ಕೃತಿ. 1957ರ ಕೃತಿಸ್ವಾಮ್ಯ ಕಾಯ್ದೆ ಸಂಗೀತ ಕೃತಿಯ ವ್ಯಾಖ್ಯೆಯಿಂದ ಹಾಡುವ ಮಾತುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಮೂರನೆಯದು ಧ್ವನಿಮುದ್ರಣ, ಅಂದರೆ ಹಾಡಿ, ನುಡಿಸಿ, ಮಿಕ್ಸ್ ಮಾಡಿ ಸಿದ್ಧವಾದ ಫೈಲು. ಅದು ಸಾಮಾನ್ಯವಾಗಿ ದುಡ್ಡು ಹಾಕಿದವರದು, ಅದರಲ್ಲಿ ಅನ್ಯಾಯವೇನೂ ಇಲ್ಲ. ಒಂದೇ ಜಮೀನಿಗೆ ಮೂರು ಪಹಣಿ ಇದ್ದ ಹಾಗೆ. ‘ಹಾಡು ನಿರ್ಮಾಪಕರದು’ ಎನ್ನುವವರು ಮೂರನೆಯ ಪಹಣಿ ತೋರಿಸಿ ಮೊದಲ ಎರಡನ್ನೂ ಬರೆಸಿಕೊಳ್ಳುತ್ತಾರೆ.

ಇದು ಅವರ ದುರಾಸೆಯೇ ಎಂದರೆ, ಯಾವಾಗಲೂ ಅಲ್ಲ. ಅರ್ಧ ಪಾಲು ಹಳೆಯ ರೂಢಿ. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ನಿರ್ಮಾಪಕ ಹಣ ಕೊಟ್ಟು ಚಿತ್ರಕ್ಕೆಂದೇ ಬರೆಸಿದ, ಸಂಯೋಜಿಸಿದ ಹಾಡಿಗೆ, ಬೇರೆ ಕರಾರು ಇಲ್ಲದಿದ್ದರೆ ಅವನೇ ಮೊದಲ ಒಡೆಯ. ಮುಂದಿನ 35 ವರ್ಷ ಉದ್ಯಮ ನಡೆದದ್ದು ಹಾಗೆಯೇ. ಗಾಂಧಿನಗರದಲ್ಲಿ ಇಂದಿಗೂ ಓಡಾಡುವ ಕರಾರಿನ ನಮೂನೆಗಳಲ್ಲಿ ಹಲವು ಆ ಕಾಲದವೇ, ಹೆಸರು ಮತ್ತು ಮೊತ್ತ ಮಾತ್ರ ಬದಲಾಗಿರುತ್ತವೆ. 2012ರ ಜೂನ್ 21ರಿಂದ ತಿದ್ದುಪಡಿ ಜಾರಿಗೆ ಬಂತು. ಚಿತ್ರದಲ್ಲಿ ಸೇರಿದ ಸಾಹಿತ್ಯ, ಸಂಗೀತದ ಮೇಲೆ ಅವನ್ನು ಸೃಷ್ಟಿಸಿದವರ ಹಕ್ಕನ್ನು ‘ಬರೆಸಿದವನೇ ಒಡೆಯ’ ಎಂಬ ಆ ನಿಯಮ ಮುಟ್ಟುವಂತಿಲ್ಲ ಎಂದು ಅದು ಹೇಳಿತು. ಇನ್ನೊಂದು ಮಾತನ್ನೂ ಸೇರಿಸಿತು: ಹಕ್ಕನ್ನು ವರ್ಗಾಯಿಸಿದರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬರೆದವರೂ ಸಂಯೋಜಿಸಿದವರೂ ಬಿಟ್ಟುಕೊಡಲು ಬರುವುದಿಲ್ಲ, ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೆ ಆ ಮಾತು ಅಸಿಂಧು. ಅಂದರೆ ನಿಮ್ಮ ಕರಾರಿನ ‘ಎಲ್ಲ ಹಕ್ಕೂ ನಿರ್ಮಾಪಕರದು’ ಎಂಬ ಭಾಗ ನೀವು ಒಪ್ಪಿದರೆ ನಿಲ್ಲುತ್ತದೆ. ‘ರಾಯಲ್ಟಿ ಕೇಳುವಂತಿಲ್ಲ’ ಎಂಬುದು ನೀವು ಒಪ್ಪಿದರೂ ನಿಲ್ಲುವುದಿಲ್ಲ.

ಇಲ್ಲಿ ಒಂದು ಮಿತಿ ಇದೆ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಕೇಳಿಸಿದ್ದಕ್ಕೆ ಈ ಪಾಲು ಇಲ್ಲ. ಟಿ.ವಿ., ರೇಡಿಯೊ, ಓಟಿಟಿ, ಯೂಟ್ಯೂಬ್, ಹೋಟೆಲು, ವೇದಿಕೆ ಕಾರ್ಯಕ್ರಮ ಇವುಗಳಿಗೆ ಇದೆ. ಮದುವೆ ಮತ್ತು ಧಾರ್ಮಿಕ ವಿಧಿಗಳಲ್ಲಿ ಹಾಡು ಹಾಕುವುದನ್ನು ಕಾಯ್ದೆಯೇ ಹೊರಗಿಟ್ಟಿದೆ. ಆದ್ದರಿಂದ ‘ನನ್ನ ಹಾಡು ಊರಿನ ಪ್ರತಿ ಮದುವೆಯಲ್ಲೂ ಬರುತ್ತದೆ, ದುಡ್ಡು ಎಲ್ಲಿ’ ಎಂಬ ಲೆಕ್ಕ ಬೇಡ.

ಹಕ್ಕು ಕಾಗದದಲ್ಲಿದ್ದರೆ ಹಣ ತಾನಾಗಿ ಬರುತ್ತದೆ ಎಂಬುದು ಎರಡನೆಯ ತಪ್ಪು ಕಲ್ಪನೆ. ವಸೂಲಿ ಮಾಡುವುದು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಸಂಘ. 1969ರಲ್ಲಿ ಹುಟ್ಟಿ, 2017ರಲ್ಲಿ ತಿದ್ದುಪಡಿಯಾದ ಕಾಯ್ದೆಯಡಿ ಮತ್ತೆ ನೋಂದಣಿ ಪಡೆಯಿತು. ಕಚೇರಿ ಮುಂಬೈಯಲ್ಲಿ, ಸದಸ್ಯತ್ವದ ಅರ್ಜಿ ಆನ್‌ಲೈನ್‌ನಲ್ಲಿ. ಅಲ್ಲಿನ ವಾಡಿಕೆಯ ಹಂಚಿಕೆ: ಹಕ್ಕು ಪಡೆದ ಆಡಿಯೊ ಸಂಸ್ಥೆ ಅಥವಾ ಪ್ರಕಾಶಕರಿಗೆ ಶೇ 50, ಬರೆದವರಿಗೆ ಶೇ 25, ಸಂಯೋಜಿಸಿದವರಿಗೆ ಶೇ 25. ಎರಡೂ ನೀವೇ ಆದ್ದರಿಂದ ಎರಡು ಪಾಲೂ ನಿಮ್ಮವೇ, ಆದರೆ ಅರ್ಜಿಯಲ್ಲಿ ಎರಡು ಪಾತ್ರಗಳನ್ನೂ ಗುರುತಿಸಬೇಕು. ಬಿಡುಗಡೆಯಾದ ಹಾಡುಗಳು ನಿಮ್ಮ ಕೈಯಲ್ಲಿವೆ; ಚಿತ್ರಕ್ಕೆ ಕಾಯದೆ ಅವುಗಳ ಮೇಲೆಯೇ ಅರ್ಜಿ ಹಾಕಿ. ಪ್ಯಾನ್, ವಿಳಾಸದ ದಾಖಲೆ, ರದ್ದು ಮಾಡಿದ ಚೆಕ್ಕು, ಹಾಡುಗಳ ಪಟ್ಟಿ ಸಿದ್ಧವಿರಲಿ. ಸದಸ್ಯರಾದರೆ ಮುಗಿಯಲಿಲ್ಲ, ಪ್ರತಿ ಹಾಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಹಿನ್ನೆಲೆ ಸಂಗೀತಕ್ಕೆ ಕ್ಯೂ ಶೀಟ್ ಬೇಕು: ಯಾವ ತುಣುಕು, ಎಷ್ಟನೇ ನಿಮಿಷದಿಂದ ಎಷ್ಟು ಸೆಕೆಂಡು, ಯಾರ ಸಂಯೋಜನೆ. ಚಿತ್ರ ಟಿ.ವಿ.ಗೆ ಮಾರಾಟವಾದ ಮೇಲೆ ಆ ಹಾಳೆಗಾಗಿ ಹುಡುಕಾಡುವವರೇ ಹೆಚ್ಚು. ಮಿಕ್ಸಿಂಗ್ ಮುಗಿದ ವಾರವೇ ಬರೆದಿಡಿ.

ಹಣ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಉದಾಹರಣೆಗೆ, ಪೋಸ್ಟರಿನಲ್ಲಿ ಮಂಜು, ಆಡಿಯೊ ಸಂಸ್ಥೆಯ ಮಾಹಿತಿಯಲ್ಲಿ ಇಂಗ್ಲಿಷಿನ ಇನಿಷಿಯಲ್ ಸೇರಿದ ಮಂಜುನಾಥ, ಭಕ್ತಿಗೀತೆಯಲ್ಲಿ ಊರಿನ ಹೆಸರು ಸೇರಿದ ಮಂಜು. ಕಂಪ್ಯೂಟರಿಗೆ ಇವರು ಮೂರು ಜನ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಬರವಣಿಗೆ ಇವತ್ತೇ ಖಾಯಂ ಮಾಡಿ, ಅದನ್ನೇ ಕರಾರಿನಲ್ಲಿ ಅಕ್ಷರ ಅಕ್ಷರ ಬರೆಸಿ. ಚಿತ್ರದ ಟೈಟಲ್, ಪೋಸ್ಟರ್, ಲಿರಿಕಲ್ ವಿಡಿಯೊ, ಆಪ್‌ಗಳ ಮಾಹಿತಿ ಎಲ್ಲ ಕಡೆಯೂ ‘ಸಾಹಿತ್ಯ’ ಮತ್ತು ‘ಸಂಗೀತ’ ಎರಡೂ ಸಾಲು ಬೇರೆಬೇರೆಯಾಗಿ ಬರಬೇಕು. ಹೊಸಬರಿಗೆ ಮೊದಲ ಚಿತ್ರದ ದುಡ್ಡಿಗಿಂತ ಈ ಎರಡು ಸಾಲು ದೊಡ್ಡದು ಎಂದರೆ ಉತ್ಪ್ರೇಕ್ಷೆಯಲ್ಲ. ಮುಂದಿನ ಚಿತ್ರದವರು ನಿಮ್ಮನ್ನು ಹುಡುಕುವುದು ಅಲ್ಲಿಂದಲೇ.

ಇನ್ನು ಪ್ಯಾಕೇಜ್. ನೀವು ವಿಚಾರಿಸಿದ ದರಗಳಲ್ಲೇ ಲೆಕ್ಕ ಹಾಕೋಣ. ಹಾಡಿಗೆ 12 ಗಂಟೆ ಸ್ಟುಡಿಯೊ ಹಿಡಿದರೆ ನಾಲ್ಕಕ್ಕೆ 48,000. ಎರಡು ಯುಗಳಗೀತೆ ಇದ್ದರೆ ಆರು ಗಾಯನಕ್ಕೆ 90,000. ಹಾಡಿಗೆ ಮೂವರು ವಾದ್ಯದವರಂತೆ ಹನ್ನೆರಡು ಕಾಲ್‌ಶೀಟ್, 60,000. ಮಿಕ್ಸಿಂಗ್ 40,000. ಹಾಡುಗಳಿಗೇ 2,38,000 ಆಯಿತು, ಉಳಿದದ್ದು 1,12,000. ಎರಡು ಗಂಟೆಯ ಚಿತ್ರದಲ್ಲಿ 70 ನಿಮಿಷ ಹಿನ್ನೆಲೆ ಸಂಗೀತ ಎಂದುಕೊಳ್ಳಿ. ಒಬ್ಬರೇ ಕೂತರೆ ದಿನಕ್ಕೆ ನಾಲ್ಕು ನಿಮಿಷ ಮುಗಿಸುವುದು ಒಳ್ಳೆಯ ವೇಗ, 18 ದಿನ. ಅದಕ್ಕೆ ನಾಲ್ಕು ಕಾಲ್‌ಶೀಟ್ ಮತ್ತು 16 ಗಂಟೆ ಸ್ಟುಡಿಯೊ ಎಂದರೂ 36,000. ಉಳಿದದ್ದು 76,000. ನಿರ್ಮಾಣ ಸಂಸ್ಥೆ ಇಡೀ 3.5 ಲಕ್ಷಕ್ಕೆ ಶೇ 10 ಟಿಡಿಎಸ್ ಹಿಡಿದರೆ 35,000 ಸದ್ಯಕ್ಕೆ ಕೈಗೆ ಬರುವುದಿಲ್ಲ, ರಿಟರ್ನ್ಸ್ ಹಾಕಿದ ಮೇಲೆ ಬಂದೀತು. ಕೈಯಲ್ಲಿ 41,000. ಹಿನ್ನೆಲೆ ಸಂಗೀತದ ಮಿಕ್ಸಿಂಗ್ ಖರ್ಚು ನೀವು ಕೇಳಿಯೇ ಇಲ್ಲ. ‘ಈ ಗಾಯಕಿ ಬೇಡ, ಬೇರೆಯವರಿಂದ ಹಾಡಿಸಿ’ ಎಂದು ಎರಡು ಸಲ ಹೇಳಿದರೆ ಅಲ್ಲಿಗೆ ಇನ್ನೊಂದು 30,000 ಹೋಯಿತು. ಎರಡೂವರೆ ತಿಂಗಳ ದುಡಿಮೆಗೆ ಸೊನ್ನೆ, ಕೆಲವೊಮ್ಮೆ ಕೈಯಿಂದ ಖರ್ಚು.

ಪ್ಯಾಕೇಜಿನ ನಿಜವಾದ ತೊಂದರೆ ಮೊತ್ತ ಕಡಿಮೆ ಎನ್ನುವುದಲ್ಲ. ಬದಲಾವಣೆ ಕೇಳುವವರು ಒಬ್ಬರು, ಅದರ ಖರ್ಚು ಹೊರುವವರು ಇನ್ನೊಬ್ಬರು. ಬದಲಾವಣೆ ಪುಕ್ಕಟೆಯಾದಾಗ ಯಾರೂ ಸಾಕು ಅನ್ನುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನಾನು ಮೊದಲು ಸೂಚಿಸುವುದು ಸಂಭಾವನೆ ಮತ್ತು ಖರ್ಚು ಬೇರೆ ಮಾಡುವುದನ್ನು. ನಿಮ್ಮ ಸಂಭಾವನೆ ಇಷ್ಟು ಎಂದು ಒಂದು ಮೊತ್ತ. ಸ್ಟುಡಿಯೊ, ಗಾಯಕರು, ವಾದ್ಯದವರ ಬಿಲ್ಲನ್ನು ನಿರ್ಮಾಪಕರೇ ನೇರವಾಗಿ ಕಟ್ಟುವುದು. ಇದರ ಅಪಾಯ, ಅವರು ದುಬಾರಿ ಎಂದು ಬೇರೆಯವರ ಬಳಿ ಹೋಗಬಹುದು. ಹಾಗೆ ಆಗುವುದಾದರೆ ಪ್ಯಾಕೇಜನ್ನೇ ಒಪ್ಪಿ, ಆದರೆ ಗಡಿ ಹಾಕಿ: ಹಾಡಿಗೆ ಇಷ್ಟೇ ವಾದ್ಯದವರು, ಒಪ್ಪಿಗೆ ಪಡೆದ ಟ್ಯೂನಿಗೆ ಎರಡು ತಿದ್ದುಪಡಿ ಮಾತ್ರ, ಗಾಯಕರ ಬದಲಾವಣೆ ಅವರ ಖರ್ಚು, ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ಮೊತ್ತ. ಹಣ ನಾಲ್ಕು ಕಂತಿನಲ್ಲಿ ಬರಲಿ: ಸಹಿಯಾದಾಗ ಶೇ 30, ಡಮ್ಮಿ ಟ್ರ್ಯಾಕ್‌ಗಳು (ತಾತ್ಕಾಲಿಕ ಕಚ್ಚಾ ಮುದ್ರಣ) ಒಪ್ಪಿಗೆಯಾದಾಗ 30, ಹಾಡಿನ ಅಂತಿಮ ಫೈಲುಗಳನ್ನು ಕೊಡುವ ಮೊದಲು 30, ಹಿನ್ನೆಲೆ ಸಂಗೀತ ಒಪ್ಪಿಸುವಾಗ ಉಳಿದದ್ದು. ಎಲ್ಲವೂ ಬ್ಯಾಂಕಿನ ಮೂಲಕ. ಮೂರನೇ ಕಂತು ಬರುವವರೆಗೆ ಎಂಪಿ3 ಮಾತ್ರ ಕೊಡಿ. ಬಿಡಿಬಿಡಿ ಸ್ಟೆಮ್‌ಗಳು (ವಾದ್ಯ, ಧ್ವನಿಗಳ ಬೇರೆಬೇರೆ ಫೈಲು) ಒಮ್ಮೆ ಕೈಬಿಟ್ಟರೆ ನಿಮ್ಮಲ್ಲಿ ಉಳಿಯುವುದು ಮಾತುಕತೆ ಮಾತ್ರ.

ಹಾಡುಗಳನ್ನು ಮಾತ್ರ ಒಪ್ಪಿಕೊಂಡು ಹಿನ್ನೆಲೆ ಸಂಗೀತ ಬಿಡುವುದು ಇನ್ನೊಂದು ದಾರಿ. ಮೊದಲ ಚಿತ್ರಕ್ಕೆ ಇದು ಅವಮಾನವೇನಲ್ಲ, ಏಕೆಂದರೆ ರೀ-ರೆಕಾರ್ಡಿಂಗ್, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂರಿಸುವುದು, ಬೇರೆಯದೇ ಕಸುಬು. ಹಿನ್ನೆಲೆ ಸಂಗೀತವನ್ನೂ ಒಪ್ಪಿಕೊಂಡರೆ ಮೂರು ವಿಷಯ ಪಕ್ಕಾ ಮಾಡಿ. ಎಡಿಟ್ ಲಾಕ್ ಆಗುವ, ಅಂದರೆ ಸಂಕಲನ ಅಂತಿಮವಾಗುವ ಮೊದಲು ಕೆಲಸ ಶುರು ಮಾಡಬೇಡಿ. ಒಂದು ದೃಶ್ಯದಿಂದ ನಾಲ್ಕು ಸೆಕೆಂಡು ಕತ್ತರಿಸಿದರೂ ಅದರ ಮುಂದಿನ ತುಣುಕುಗಳೆಲ್ಲ ಜಾರುತ್ತವೆ. ಪ್ರಾಜೆಕ್ಟನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ತೆರೆಯಿರಿ. ಆಲ್ಬಂ ಮಾಡುವವರ ಅಭ್ಯಾಸ 44.1. ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ) 24ರೋ 23.976ರೋ ಎಂದು ಎಡಿಟರ್ ಬಾಯಿಂದಲೇ ಕೇಳಿ, ಟೈಮ್‌ಕೋಡ್ (ಓಡುವ ಸಮಯದ ಅಂಕಿ) ಚಿತ್ರದ ಮೇಲೆ ಅಚ್ಚಾಗಿರುವ ಪ್ರತಿ ತರಿಸಿಕೊಳ್ಳಿ. ವ್ಯತ್ಯಾಸ ಸಾವಿರಕ್ಕೆ ಒಂದು ಎಂದು ಅಸಡ್ಡೆ ಮಾಡಿದರೆ ಎರಡು ಗಂಟೆಯ ಕೊನೆಯಲ್ಲಿ 7 ಸೆಕೆಂಡು ಹೆಚ್ಚುಕಡಿಮೆಯಾಗಿ, ನಾಯಕ ಬಿದ್ದೆದ್ದ ಮೇಲೆ ಹೊಡೆತದ ಸದ್ದು ಬರುತ್ತದೆ.

ಚಿತ್ರವನ್ನೇ ಬಿಟ್ಟು ಹಿರಿಯ ಸಂಯೋಜಕರ ಬಳಿ ಸಹಾಯಕರಾಗಿ ಸೇರುವುದು ಮೂರನೆಯದು. ಹಳೆಯ, ಗಟ್ಟಿ ದಾರಿ. ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ದುಡಿದವರು. ಅಪಾಯ ಗೊತ್ತೇ ಇದೆ: ನಿಮ್ಮ ಮಟ್ಟು ಬೇರೆ ಹೆಸರಿನಲ್ಲಿ ಹೊರಗೆ ಬರಬಹುದು. ಸೇರುವ ಮೊದಲೇ ನಿಮ್ಮ ಹಳೆಯ ಟ್ಯೂನ್‌ಗಳನ್ನು ದಿನಾಂಕ ಸಹಿತ ನಿಮ್ಮ ಇಮೇಲಿಗೆ ನೀವೇ ಕಳಿಸಿಟ್ಟುಕೊಳ್ಳಿ. ತುಂಬ ಬೆಲೆಯದು ಅನ್ನಿಸಿದ್ದನ್ನು ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಿ; ಸಾಹಿತ್ಯ ಅಥವಾ ಸಂಗೀತ ಕೃತಿಗೆ ತಲಾ 500 ರೂಪಾಯಿ. ಅರ್ಜಿ ಸಲ್ಲಿಸಿದ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ನೋಂದಣಿ ಇಲ್ಲದಿದ್ದರೂ ಹಕ್ಕು ನಿಮ್ಮದೇ. ವ್ಯಾಜ್ಯ ಬಂದಾಗ ತೋರಿಸಲು ಒಂದು ಕಾಗದ, ಅಷ್ಟೆ.

ತತ್ವಪದ ಮತ್ತು ಕಗ್ಗ ಒಂದೇ ತೂಕದವಲ್ಲ. ತಾತಯ್ಯನವರ ಪದಗಳು ತೀರಾ ಹಳೆಯವು, ಕೃತಿಸ್ವಾಮ್ಯದ ಅಡ್ಡಿ ಇಲ್ಲ. ಅಡ್ಡಿ ಬರುವುದು ಮಟ್ಟಿನಲ್ಲಿ. ನೀವು ಕೇಳಿ ಬೆಳೆದ ಮಟ್ಟು ಭಜನೆಯವರದೋ, ಯಾವುದೋ ಕ್ಯಾಸೆಟ್ಟಿಗಾಗಿ ಒಬ್ಬರು ಸಂಯೋಜಿಸಿದ್ದೋ? ಎರಡನೆಯದಾದರೆ ಅದು ಅವರ ಸ್ವತ್ತು. ಊರಿನ ಇಬ್ಬರು ಹಿರಿಯ ಭಜನೆಯವರಿಂದ ಹಾಡಿಸಿ ರೆಕಾರ್ಡ್ ಮಾಡಿ, ಕ್ಯಾಸೆಟ್ಟಿಗೂ ಅದಕ್ಕೂ ಎಷ್ಟು ಹೋಲಿಕೆ ಎಂದು ನೋಡಿ. ಅನುಮಾನವಿದ್ದರೆ ಹೊಸ ಮಟ್ಟು ಹಾಕಿ. ಸಾಹಿತ್ಯದ ಸಾಲಿನಲ್ಲಿ ತಾತಯ್ಯನವರ ಹೆಸರನ್ನೂ ಹಾಕಿಸಿ. ಆ ಸಾಲು ಯಾವ ಸನ್ನಿವೇಶಕ್ಕೆ ಎಂದು ನಿರ್ದೇಶಕರನ್ನು ಕೇಳಲೇಬೇಕು. ಕೈವಾರದ ಸುತ್ತಲಿನವರಿಗೆ ಅದು ಬರೀ ಹಾಡಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಕಗ್ಗದ ಕಥೆ ಬೇರೆ. ಮುಳಬಾಗಿಲಿನ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಕೃತಿಸ್ವಾಮ್ಯ ಬರೆದವರ ಮರಣದ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ, ಅಂದರೆ 2035ರ ಡಿಸೆಂಬರ್ ಕೊನೆಯವರೆಗೆ. ಅಲ್ಲಿಯತನಕ ಹಕ್ಕುದಾರರ ಲಿಖಿತ ಅನುಮತಿ ಬೇಕು, ಅದನ್ನು ತರುವ ಹೊಣೆ ನಿರ್ಮಾಪಕರದು ಎಂದು ಕರಾರಿನಲ್ಲಿ ಬರೆಸಿ. ಇಲ್ಲದಿದ್ದರೆ ‘ಸಾಹಿತ್ಯ ಸ್ವಂತದ್ದು’ ಎಂದು ಸಹಿ ಹಾಕಿದ ನಿಮ್ಮ ಕುತ್ತಿಗೆಗೆ ಬರುತ್ತದೆ. ಮಾಸ್ತಿಯವರದೂ ಹಾಗೆಯೇ, 1986ರಲ್ಲಿ ತೀರಿಕೊಂಡವರು, 2046ರವರೆಗೆ ಮುಟ್ಟುವಂತಿಲ್ಲ. ನಿರ್ದೇಶಕರಿಗೆ ಹಳೆಯ ಕವಿತೆಯೇ ಬೇಕೆಂದಿದ್ದರೆ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕಡೆ ತಿರುಗಿಸಿ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದವರು, ಹಾಡುವ ಲಯ ಬಲ್ಲವರು, ಕೃತಿಸ್ವಾಮ್ಯವೂ ಮುಗಿದಿದೆ.

ಮನೆಮಾತು ತೆಲುಗು ಎಂಬ ಅಳುಕು ಬಿಡಿ. ಲಘು–ಗುರುವಿನ ಲೆಕ್ಕ ಎರಡೂ ಭಾಷೆಗೆ ಒಂದೇ, ತಾತಯ್ಯನವರೇ ಎರಡರಲ್ಲೂ ಹಾಡಿದರು. ಎಚ್ಚರ ಬೇಕಾದದ್ದು ಅರ್ಥ ಜಾರುವ ಪದಗಳಲ್ಲಿ. ತೆಲುಗಿನ ‘ಅವಸರಂ’ ಎಂದರೆ ಅಗತ್ಯ, ಕನ್ನಡದ ಅವಸರ ಎಂದರೆ ಆತುರ. ‘ನಿನ್ನ ಅವಸರ ನನಗಿದೆ’ ಎಂದು ಬರೆದರೆ ಮೈಸೂರಿನ ಕೇಳುಗ ನಗುತ್ತಾನೆ. ಬರೆದದ್ದನ್ನು ತೆಲುಗು ಬಾರದ ಒಬ್ಬರಿಂದ ಓದಿಸಿ, ಸಾಕು.

ಟ್ಯೂನಿಗೆ ಸಾಹಿತ್ಯ ಕೂರಿಸುವಾಗ ಆಗುವ ಕೆಡುಕು ಭಾಷೆ ಯಾವುದಾದರೂ ಬಿಡುವುದಿಲ್ಲ. ಹ್ರಸ್ವದ ಮೇಲೆ ಉದ್ದ ಸ್ವರ ಬಿದ್ದರೆ ಬಳೆ ಬಾಳೆಯಾಗುತ್ತದೆ, ಹಳೆ ಹಾಳೆಯಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಎಳೆದರೆ ಹಕ್ಕಿ ‘ಹಾಕಿ’ ಆಗುತ್ತದೆ. ಮಟ್ಟಿನ ಉದ್ದ ಸ್ವರಗಳಿಗೆ ಮೊದಲೇ ಗುರುತು ಹಾಕಿಕೊಂಡು, ಅಲ್ಲಿಗೆ ಹುಟ್ಟಿನಿಂದಲೇ ದೀರ್ಘವಾದ ಅಕ್ಷರ ಹುಡುಕಿ. ‘ಬಳೆ’ ಬಿಡಲಾಗದಿದ್ದರೆ ‘ಗಾಜಿನ ಬಳೆ’ ಮಾಡಿ. ಉದ್ದ ಸ್ವರ ‘ಗಾ’ ಮೇಲೆ ಕೂರುತ್ತದೆ, ‘ಬಳೆ’ ಚಿಕ್ಕ ಸ್ವರಗಳಲ್ಲಿ ಹಾದುಹೋಗುತ್ತದೆ. ಸಾಲಿನ ಕೊನೆಯ ಸ್ವರವನ್ನು ಎಳೆಯುವುದಕ್ಕೆ ಕನ್ನಡದ ಕಿವಿ ಅಡ್ಡಿ ಹೇಳುವುದಿಲ್ಲ. ಬರೆಯುವವರೂ ಟ್ಯೂನ್ ಹಾಕುವವರೂ ಒಬ್ಬರೇ ಆದಾಗ ಸಿಗುವ ದೊಡ್ಡ ಲಾಭ ಇದೇ: ಮಾತು ಒಪ್ಪದಿದ್ದರೆ ಸ್ವರವನ್ನೇ ತುಸು ಜರುಗಿಸಬಹುದು. ‘ಪ್ರೇಮಲೋಕ’ (1987) ಕೇಳಿದವರಿಗೆ ಹಂಸಲೇಖ ಎರಡು ಕೆಲಸವನ್ನೂ ಒಂದೇ ಕೈಯಲ್ಲಿ ಮಾಡಿದ್ದರ ಫಲ ಗೊತ್ತು. ಆಡುಮಾತು ತನ್ನ ತಾಳದಲ್ಲೇ ಹಾಡಾಗಿ ಬಂತು. ನಷ್ಟವೂ ಒಂದಿದೆ, ನಿಮ್ಮ ತಪ್ಪನ್ನು ಹೇಳಲು ಎದುರಿಗೆ ಯಾರೂ ಕೂತಿರುವುದಿಲ್ಲ.

ಕಂಪೋಸಿಂಗ್‌ಗೆ ಕೂತ ದಿನ ನಿರ್ದೇಶಕರೋ ನಾಯಕನೋ ಎರಡು ಪದ ಬದಲಿಸಿ, ಕೊನೆಗೆ ‘ಸಾಹಿತ್ಯ’ದ ಸಾಲಿನಲ್ಲಿ ತಮ್ಮ ಹೆಸರನ್ನೂ ಸೇರಿಸುವುದುಂಟು. ಅದೇ ಸಂಜೆ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಸಾಹಿತ್ಯ ಯಾರದು ಶೇಕಡಾ ಎಷ್ಟು, ಸಂಗೀತ ಯಾರದು ಎಷ್ಟು ಎಂದು ಬರೆದು ಎಲ್ಲರ ಸಹಿ ಪಡೆಯಿರಿ. ಪ್ರೋಗ್ರಾಮಿಂಗ್ (ಕಂಪ್ಯೂಟರಿನಲ್ಲಿ ವಾದ್ಯ ಕೂರಿಸುವ ಕೆಲಸ) ಮಾಡಿಕೊಟ್ಟ ಗೆಳೆಯನ ವಿಷಯವೂ ಅಲ್ಲೇ ತೀರ್ಮಾನವಾಗಲಿ. ಎಲ್ಲರಿಗೂ ಸಿಗುವ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ನುಡಿಯುವ ಸಿದ್ಧ ತುಣುಕು) ಬಳಸಿದ್ದರೆ ಯಾವ ಹಾಡಿನಲ್ಲಿ ಎಂದು ಬರೆದಿಡಿ. ಅದೇ ಲೂಪ್ ಇರುವ ಇನ್ನೊಂದು ಹಾಡಿನವರು ಯೂಟ್ಯೂಬ್‌ನಲ್ಲಿ ನಿಮ್ಮದರ ಮೇಲೆ ಹಕ್ಕು ಚಲಾಯಿಸಿದಾಗ ಉತ್ತರ ಕೊಡಬೇಕಾಗುತ್ತದೆ.

ಬೆಂಗಳೂರಿನ ಪ್ರಶ್ನೆ. ಕನ್ನಡ ಹಾಡುಗಳ ಧ್ವನಿಮುದ್ರಣ ದಶಕಗಳ ಕಾಲ ಮದರಾಸಿನಲ್ಲಿ ನಡೆಯುತ್ತಿತ್ತು. ಆಗ ಊರು ಬಿಡದೆ ಸಂಗೀತ ನಿರ್ದೇಶಕರಾಗಲು ಸಾಧ್ಯವೇ ಇರಲಿಲ್ಲ. ‘ಬಿಟ್ಟು ಹೋಗಬೇಕು’ ಎಂಬ ಮಾತಿನ ಬೇರು ಅಲ್ಲಿದೆ. ಈಗ ಟ್ಯೂನ್, ಸಾಹಿತ್ಯ, ಪ್ರೋಗ್ರಾಮಿಂಗ್ ಚಿಂತಾಮಣಿಯ ಒಂದು ಕೋಣೆಯಲ್ಲೇ ಆಗುತ್ತದೆ. ಸುಮಾರು 75 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾದದ್ದು ಕಂಪೋಸಿಂಗ್ ಕೂಟ, ಗಾಯನ, ವಾದ್ಯ, ಮಿಕ್ಸಿಂಗ್‌ಗೆ. ಮೇಲಿನ ಲೆಕ್ಕದಲ್ಲಿ ಅದು 15ರಿಂದ 20 ದಿನ. ಹೊಸಬರಿಗೆ ಮುಂದಿನ ಕೆಲಸ ಸಿಗುವುದು ಹೆಚ್ಚಾಗಿ ಸ್ಟುಡಿಯೊದ ಕಾಫಿ ಹೊತ್ತಿನಲ್ಲಿ ಎಂಬುದೂ ನಿಜ, ಆದ್ದರಿಂದ ಆ ದಿನಗಳನ್ನು ಉಳಿಸಲು ಹೋಗಬೇಡಿ. ಆದರೆ ಕೈಗೆ 41,000 ಉಳಿಯುವ ಕರಾರನ್ನು ನಂಬಿ ಅಲ್ಲಿ ಮನೆ ಬಾಡಿಗೆಗೆ ಹಿಡಿಯಬೇಡಿ.

ಅಪ್ಪನ ಮಾತಿನಲ್ಲಿ ಲೆಕ್ಕವಿದೆ. ಅತಿಥಿ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಗೌರವಧನ ಇರುವುದಿಲ್ಲ, ತರಗತಿಯೂ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳ ಆ ಅವಧಿಗೆ ಗಾಯನ, ವಾದ್ಯದ ಕಾಲ್‌ಶೀಟ್‌ಗಳನ್ನು ಹಾಕಿಕೊಳ್ಳಿ. ಟ್ಯೂನ್ ಒಪ್ಪಿಗೆಯನ್ನು ಮಾರ್ಚ್ ಒಳಗೆ ಮುಗಿಸುವ ಷರತ್ತನ್ನು ನಿರ್ಮಾಪಕರ ಮುಂದಿಡಿ. ಕರಾರು ತಿದ್ದಿ ಕಳಿಸಲು ಕೇಳುವಾಗ ಕಾಯ್ದೆಯ ಪಾಠ ಮಾಡುವುದು ಬೇಡ, ಮೂರು ಸಾಲು ಸಾಕು: ರಾಯಲ್ಟಿಯ ಮಾತನ್ನು ‘2012ರ ತಿದ್ದುಪಡಿಯಂತೆ’ ಎಂದು ಬದಲಿಸಿ; ವರ್ಗಾವಣೆ ಯಾವ ಹಾಡಿಗೆ, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂದು ನಮೂದಿಸಿ; ಕಂತುಗಳ ದಿನಾಂಕ ಹಾಕಿ. ಅವರು ಅವಧಿಯನ್ನು ಖಾಲಿ ಬಿಟ್ಟು ಕಳಿಸಿದರೆ ಗಾಬರಿ ಬೀಳಬೇಡಿ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಓದುತ್ತದೆ. ಖಾಲಿ ಜಾಗ ನಿಮ್ಮ ಪರವಾಗಿಯೇ ಇದೆ, ಆದರೆ ಸಹಿ ಹಾಕುವ ಮೊದಲು ಅದರ ಮೇಲೆ ಅಡ್ಡಗೆರೆ ಎಳೆದು ಒಂದು ಫೋಟೊ ತೆಗೆದುಕೊಳ್ಳಿ.